ಮೊದಲ ಗೀರು

ಲಿಫ್ಟಿನೊಳಗೆ ಸೊಸೈಟಿಯ ನೋಟೀಸು:
ಶುಕ್ರವಾರ ಸಂಜೆ ಏಳರಿಂದ ಒಂಬತ್ತು, ದೆವ್ವಗಳಿಗೆ ಪ್ರವೇಶ.
ಎ ವಿಂಗಿನಿಂದ ಆರಂಭ. ಶೇಂಗಾ ಬೇಡ,
ಮೂರನೇ ಮಹಡಿಯ ಅದ್ವಯನಿಗೆ ಆಗಿಬರುವುದಿಲ್ಲ.
ಒಲ್ಲದವರು ಬಾಗಿಲ ದೀಪ ಆರಿಸತಕ್ಕದ್ದು.

"ದೆವ್ವಕ್ಕೂ ಟೈಮ್‌ಟೇಬಲ್ ಏನವಾ?" ಅಂದರು ಅತ್ತೆ.
ಆದರೂ ನಿನ್ನೆ ಬೆಳಿಗ್ಗೆಯೇ ಮಾರ್ಕೆಟ್ ಯಾರ್ಡಿನಿಂದ
ಸಿಹಿಗುಂಬಳ ತರಿಸಿದವರು ಅವರೇ,
ಇಡಿಯದು, ತೊಟ್ಟಿನ ಸಮೇತ.

ಇದ್ದಿಲು ಎಂದು ನಮ್ಮ ಬೆಕ್ಕಿನ ಹೆಸರು.
ಮೂಗಿನಿಂದ ಬಾಲದ ತುದಿಯ ತನಕ ಕಪ್ಪು.
ವರ್ಷವಿಡೀ ಅದು ಅಡ್ಡ ಹಾಯ್ದರೆ
ಸ್ಕೂಟರ್ ನಿಲ್ಲಿಸಿ, ಬೇರೆ ಯಾರಾದರೂ ಮೊದಲು ದಾಟಲೆಂದು
ಕಾಯುವ ಸಹಸ್ರಬುದ್ಧೆ ಬಾಯಿ
ಮೊನ್ನೆ ಬಂದು ಕೇಳುತ್ತಾರೆ:
"ಮೊಮ್ಮಗಳ ಫೋಟೋಕ್ಕೆ ಹತ್ತು ನಿಮಿಷ ಬೆಕ್ಕು ಕೊಡ್ತೀರಾ?"
ಕೊಡಲಿಲ್ಲ.

ದೀಪಾವಳಿಯ ಪಟಾಕಿಗೆ ಅದು
ವಾಷಿಂಗ್ ಮಶೀನಿನ ಹಿಂದೆ ಎರಡು ದಿನ ಕೂತಿತ್ತು.
ಅದಕ್ಕೇ ಒಳಕೋಣೆಯಲ್ಲಿ ಇವರ ಹಳೆಯ ಸ್ವೆಟರು ಹಾಸಿ,
ನೀರಿಟ್ಟು, ಮಣ್ಣಿನ ಡಬ್ಬಿ ಇಟ್ಟು,
ರೇಡಿಯೋ ಸಣ್ಣಗೆ ಹಚ್ಚಿ,
ಕರೆಗಂಟೆಯ ವೈರು ಬಿಚ್ಚಿದೆ.
ಬಾಗಿಲಿಗೆ ಮರಾಠಿಯಲ್ಲೊಂದು ಚೀಟಿ:
ಮೆಲ್ಲಗೆ ತಟ್ಟಿ. ಒಳಗೆ ಅಂಜುವವರಿದ್ದಾರೆ.

ಇನ್ನು ಕುಂಬಳ.
ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಚಾಕು ಹಾಕುವುದಿಲ್ಲ
ಜಮಖಂಡಿಯಲ್ಲಿ. ಇಲ್ಲಿ ಪುಣೆಯ ಕರ್ವೆನಗರದಲ್ಲೂ ಇಲ್ಲ.
ಯಾಕೆಂದರೆ ಒಬ್ಬೊಬ್ಬರದು ಒಂದೊಂದು ಕಥೆ.
ಅಡುಗೆಮನೆಯಲ್ಲಿ ಇವರು ಮಾಡುತ್ತಿದ್ದ ಕೆಲಸ ಅದೊಂದೇ:
ಕರೆದರೆ ಎದ್ದು ಬಂದು, ಕನ್ನಡಕ ಹಣೆಗೇರಿಸಿ,
ನೆತ್ತಿಗೊಂದು ಗೀರು ಹಾಕಿ,
ದೊಡ್ಡ ಆಪರೇಷನ್ ಮುಗಿಸಿದ ಡಾಕ್ಟರಂತೆ
ಕೈ ತೊಳೆದು ಪೇಪರಿಗೆ ಮರಳುತ್ತಿದ್ದರು.

ನಾಲ್ಕು ವರ್ಷವಾಯಿತು.
ನಾಲ್ಕು ವರ್ಷ ಕುಂಬಳವನ್ನು ಹೋಳಿನಲ್ಲೇ ಕೊಂಡಿದ್ದೇವೆ,
ಕಾರಣ ಇಬ್ಬರೂ ಬಾಯಿಬಿಟ್ಟು ಹೇಳಿಲ್ಲ.

ವಾಚ್‌ಮನ್ ತುಳಶಿರಾಮ ಗೇಟು ಬಿಡುವಂತಿಲ್ಲ.
ಎದುರು ಮನೆಯ ಹುಡುಗನಿಗೆ ಕ್ಲಾಸು.
ಐದೂವರೆ. ಐದೂ ಮುಕ್ಕಾಲು.
ಕುಂಬಳ ಕಟ್ಟೆಯ ಮೇಲೆ
ಮಠದ ಅಯ್ಯನವರಂತೆ ಕೂತೇ ಇದೆ.

"ತಾ ಇಲ್ಲೆ" ಅಂದರು ಅತ್ತೆ. ಎಪ್ಪತ್ತೆಂಟರ ಕೈ.
ಈಳಿಗೆಯಲ್ಲ, ಇವರದೇ ಆ ಮರದ ಹಿಡಿಯ ಚಾಕು.
ಕಣ್ಣು ಮುಚ್ಚಲಿಲ್ಲ, ದೇವರನ್ನೂ ನೆನೆಯಲಿಲ್ಲ.
ಕರ್ ಎಂದಿತು.
ಆಮೇಲೆ ಗೋಡೆಯ ಫೋಟೋದ ಕಡೆ ನೋಡಿ,
ಕುಂಬಳಕಾಯಿ ಕಳ್ಳ ಅಂದರೆ ಅಂತಾರಲ್ಲ, ಹಾಗೆ
ಹೆಗಲು ಮುಟ್ಟಿಕೊಂಡರು.
ನಾನು ನಕ್ಕೆ. ಅವರೂ.
ಎಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ತಿರುಳು ತುರಿದು, ಬೆಲ್ಲದಲ್ಲಿ ಬಾಡಿಸಿ,
ಗೋಧಿಹಿಟ್ಟು, ಚಿಟಿಕೆ ಏಲಕ್ಕಿ, ಮೇಲೆ ಗಸಗಸೆ,
ಗಾರಿಗೆ ತಟ್ಟಿ ಎಣ್ಣೆಗೆ ಬಿಟ್ಟೆವು.
ಬೀಜ ಬಾಲ್ಕನಿಯಲ್ಲಿ, ಪೇಪರಿನ ಮೇಲೆ.
ಉಳಿದ ಬುರುಡೆಗೆ ಎರಡು ಕಣ್ಣು,
ಹಲ್ಲು ಮೂರೇ, ಅತ್ತೆಗೆ ಇರುವಷ್ಟು,
ಮೂಗಿಗೆ ಲವಂಗದ ನತ್ತು.
"ಬೋಳು ಹಣೆ ಬ್ಯಾಡ" ಎಂದು
ಭರಣಿ ಹುಡುಕಿ ತೆಗೆದು
ಅವರೇ ಅದಕ್ಕೆ ಕುಂಕುಮ ಹಚ್ಚಿದರು.
ಒಳಗೆ, ದೀಪಾವಳಿಯಲ್ಲಿ ಉಳಿದೊಂದು ಹಣತೆ.

ಏಳಕ್ಕೆ ಮೆಟ್ಟಿಲ ಮೇಲೆ ಗದ್ದಲ.
ನಮ್ಮ ಮಹಡಿಗೆ ಬಂದದ್ದೇ ಉಶ್, ಉಶ್.
ಓದು ಬರುವ ದೆವ್ವ, ಬರದ ದೆವ್ವಕ್ಕೆ
ಚೀಟಿ ಓದಿ ಹೇಳುತ್ತಿದೆ.
ತಟ್ಟಿದ್ದು ಮೊದಲು ಕೇಳಿಸಲೇ ಇಲ್ಲ, ಅಷ್ಟು ಮೆಲ್ಲಗೆ.
ತೆರೆದರೆ ಬೆಡ್‌ಶೀಟಿನ ಭೂತ ಎರಡು, ಕೋರೆಹಲ್ಲಿನವನೊಬ್ಬ,
ಮೈಗೆಲ್ಲ ಟಾಯ್ಲೆಟ್ ಪೇಪರು ಸುತ್ತಿಕೊಂಡು
ಮೊಣಕಾಲಿನಿಂದ ಬಿಚ್ಚಿಹೋಗುತ್ತಿರುವ ಅದ್ವಯ,
ತುಟಿಯ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ:
"ಆಜೀ, ಅಂಜುವವರು ಮಲಗಿದರಾ?"

ಅತ್ತೆ ತಟ್ಟೆ ಮುಂದೆ ಹಿಡಿದರು.
"ಇನ್ನೂ ಇಲ್ಲೋ ಮರಿ," ಅಂದರು,
"ಬಿಸಿ ಅದ. ಊದಿಕೊಂಡು ತಿನ್ನು."